ಬೆಲ್ ಹೊಡೆದರೆ ಸಾಲದು, ಇಳಿಯಬೇಕು: ಟಾಹೊ ರಿಮ್ ಟ್ರೇಲ್‌ನಲ್ಲಿ ನಡೆಯುವ, ಸೈಕಲ್ ತುಳಿಯುವ ಕನ್ನಡಿಗರಿಗೊಂದು ಬಹಿರಂಗ ಪತ್ರ

ಬೇ ಏರಿಯಾ, ಸ್ಯಾಕ್ರಮೆಂಟೊ, ರೀನೊ ಕಡೆಯ ಕನ್ನಡದ ಬಂಧುಗಳೇ,

ಕಳೆದ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಟಾಹೊ ಸರೋವರದ ಸುತ್ತಲ ಬೆಟ್ಟಗಳಲ್ಲಿ ಟಾಹೊ ಮೆಡೋಸ್‌ನಿಂದ ದಕ್ಷಿಣಕ್ಕೆ ಹೋಗುವ ರಿಮ್ ಟ್ರೇಲ್‌ನಲ್ಲಿ ನನ್ನ ಅಪ್ಪ ಬಿದ್ದರು. ಆ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿದೆ. ಬಾಯಿಂದ ಬಾಯಿಗೆ ಹೋಗುತ್ತಾ ಮೈ ಕೈ ತುಂಬಿಕೊಂಡಿದೆ ಕೂಡ. ಅಪ್ಪನ ಸೊಂಟ ಮುರಿದಿಲ್ಲ, ಅವರನ್ನು ಹೆಲಿಕಾಪ್ಟರ್‌ನಲ್ಲಿ ಒಯ್ದಿಲ್ಲ, ಸೈಕಲಿನವನು ಬೀಳಿಸಿ ಓಡಿಹೋಗಲೂ ಇಲ್ಲ. ನಡೆದದ್ದು ಏನೆಂದು ಮೊದಲು ಹೇಳಿಬಿಡುತ್ತೇನೆ.

ಅಪ್ಪನಿಗೆ 76. ತೀರ್ಥಹಳ್ಳಿ ಕಡೆಯ ಹಳ್ಳಿಯವರು, ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಗುಡ್ಡ ಹತ್ತುವುದರಲ್ಲಿ ಈಗಲೂ ನನಗಿಂತ ಗಟ್ಟಿ, ಕಿವಿ ಮಾತ್ರ ಮಂದ. ಗಾಳಿಗೆ ಗುಂಯ್ ಅನ್ನುತ್ತದೆಂದು ಕಿವಿಯ ಯಂತ್ರ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡಿದ್ದರು. ನಾನು ಇಪ್ಪತ್ತು ಹೆಜ್ಜೆ ಮುಂದಿದ್ದೆ. ಜೆಫ್ರಿ ಪೈನ್ ಮರದ ತೊಗಟೆಗೆ ಮೂಗು ಹಚ್ಚಿದರೆ ವೆನಿಲಾ ವಾಸನೆ ಬರುತ್ತದೆ ಎಂದು ನಾನೇ ಹೇಳಿದ್ದೆ. ಅವರು ಬಗ್ಗಿ ಮೂಸಿ, ಇನ್ನೊಮ್ಮೆ ಮೂಸಿ, ಮತ್ತೆ ಹಾದಿಗೆ ಕಾಲಿಡುವ ಹೊತ್ತಿಗೆ ಹಿಂದಿನ ತಿರುವಿನಿಂದ ಸೈಕಲ್ ಬಂತು. ಸವಾರ ಬೆಲ್ ಹೊಡೆದ. ಮುಂದಿದ್ದ ನನಗೇ ಕೇಳಿಸಿತು, ಅಪ್ಪನಿಗೆ ಕೇಳಿಸಲಿಲ್ಲ. ಅಲ್ಲಿಯ ನೆಲ ನಿಮಗೆ ಗೊತ್ತು: ಶಿಥಿಲವಾದ ಗ್ರಾನೈಟ್, ದಪ್ಪ ಸಕ್ಕರೆಯಂಥ ಮರಳು. ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಸೈಕಲ್ ನಿಲ್ಲುವುದಿಲ್ಲ. ಮುದುಕರು ಬೆಲ್ ಕೇಳಿ ಸರಿಯುತ್ತಾರೆಂದು ಅವನು ನಂಬಿದ್ದ. ಅವರು ಸರಿಯಲಿಲ್ಲ ಎಂದು ತಿಳಿದಾಗ ನಡುವೆ ಎರಡು ಮಾರು ಉಳಿದಿತ್ತು. ಜಾರಿಕೊಂಡು ಬಂದ ಸೈಕಲಿನ ಸದ್ದಿಗೆ ಅಪ್ಪ ಬೆಚ್ಚಿ ಪಕ್ಕಕ್ಕೆ ಹಾರಿ, ಪೊದೆಯ ಮೇಲೆ ಕೈಯೂರಿ ಕೂತುಬಿಟ್ಟರು. ಮಣಿಕಟ್ಟು ಊದಿಕೊಂಡಿತು.

ಹುಡುಗ ಸೈಕಲ್ ಎಸೆದು ಓಡಿ ಬಂದ. ಬೆನ್ನಚೀಲದಿಂದ ಕ್ರೇಪ್ ಬ್ಯಾಂಡೇಜ್ ತೆಗೆದು ನನಗಿಂತ ಚೆನ್ನಾಗಿ ಕಟ್ಟಿದ. ನಾನು "ಅಪ್ಪಾ, ಕೈ ಆಡಿಸು" ಅಂದದ್ದು ಕೇಳಿ ತಲೆಯೆತ್ತಿ, "ಸಾರಿ ಅಂಕಲ್, ನಾನು ಬೆಲ್ ಮಾಡ್ದೆ" ಅಂದ. ಕನ್ನಡದಲ್ಲೇ ಅಂದ. ಅಪ್ಪ ಅವನ ಮುಖ ನೋಡಿ, "ಬೆಲ್ ಹೊಡೆದ್ರೆ ಆಯ್ತಾ ಮಾರಾಯ, ಇಳೀಬೇಕು" ಅಂದರು.

ಅಂದೇ ರಾತ್ರಿಯಿಂದ ನನ್ನ ಫೋನಿಗೆ ಎರಡು ಬಗೆಯ ಸಂದೇಶಗಳು ಬರತೊಡಗಿದವು. ನಡೆಯುವ ಗೆಳೆಯರದು ಒಂದು: ರಿಮ್ ಟ್ರೇಲ್‌ನಲ್ಲಿ ಸೈಕಲ್ ಪೂರ್ತಿ ನಿಷೇಧಿಸಬೇಕು ಎಂಬ ಮನವಿಗೆ ಸಹಿ ಮಾಡಿ, ನಿಮ್ಮ ತಂದೆಯ ಕಥೆಯನ್ನೇ ಮೇಲೆ ಹಾಕುತ್ತೇವೆ. ಸೈಕಲ್ ಗೆಳೆಯರದು ಇನ್ನೊಂದು: ಸೈಕಲ್‌ಗಳನ್ನೆಲ್ಲ ನಾಲ್ಕು ಹಾದಿಗಳಿಗೆ ತುರುಕಿರುವುದರಿಂದಲೇ ಹೀಗಾಗುತ್ತಿದೆ, ಸೈಕಲ್ ಬಿಡದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಉದ್ದದ ಹಾದಿಯನ್ನೂ ನಮಗೆ ತೆರೆದರೆ ಒತ್ತಡ ಇಳಿಯುತ್ತದೆ, ಅದಕ್ಕೆ ಸಹಿ ಮಾಡಿ. ನಾನು ಎರಡಕ್ಕೂ ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಗಿ, ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರಲ್ಲಿ ಬೇರೊಂದು ಕೆಲಸ ಕೇಳುವುದಿದೆ.

ಹೊಸಬರಿಗಾಗಿ ಎರಡು ಮಾತು. ಟಾಹೊ ಸರೋವರದ ಸುತ್ತ ಬೆಟ್ಟಗಳ ನೆತ್ತಿಯ ಮೇಲೇ ಸುತ್ತಿಬರುವ ಹಾದಿ ಇದು, ಸುಮಾರು 165 ಮೈಲಿ, ಅಂದರೆ 265 ಕಿಲೋಮೀಟರ್. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಗ್ಲೆನ್ ಹ್ಯಾಂಪ್ಟನ್ ಅವರ ಕನಸು. 1984ರಲ್ಲಿ ಅಗೆಯಲು ಶುರುಮಾಡಿ, 2001ರಲ್ಲಿ ಸುತ್ತು ಪೂರ್ಣವಾಯಿತು. ಬಹುಪಾಲು ಅಗೆದವರು ಸ್ವಯಂಸೇವಕರು, ಶನಿವಾರ ಭಾನುವಾರ ಗುದ್ದಲಿ ಹಿಡಿದು ಬಂದವರು. ನಾನು ಮೂರು ಬೇಸಿಗೆಗಳಲ್ಲಿ ತುಂಡು ತುಂಡಾಗಿ ಇದನ್ನು ನಡೆದು ಮುಗಿಸಿದೆ. ಇಡೀ ಸುತ್ತಿಗೆ ಒಂದೇ ಕಾನೂನಿಲ್ಲ. ಡೆಸೊಲೇಶನ್, ಗ್ರಾನೈಟ್ ಚೀಫ್, ಮೌಂಟ್ ರೋಸ್ ಈ ಮೂರು ಸಂರಕ್ಷಿತ ಕಾಡುಗಳ ಒಳಗೆ ಸೈಕಲ್ ಬರುವ ಹಾಗಿಲ್ಲ. ಪಶ್ಚಿಮದಲ್ಲಿ ಸುಮಾರು 50 ಮೈಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಜತೆಗೇ ಸಾಗುವ ಭಾಗದಲ್ಲೂ ಇಲ್ಲ. ಉಳಿದ ಹಲವು ಕಡೆ ಸೈಕಲ್‌ಗೆ ಅವಕಾಶವಿದೆ. ಟಾಹೊ ಮೆಡೋಸ್‌ನಿಂದ ಟನಲ್ ಕ್ರೀಕ್‌ವರೆಗಿನ ಒಂಬತ್ತು ಮೈಲಿಯಷ್ಟು ದೂರಕ್ಕೆ ಮಾತ್ರ ನಿಯಮವೇ ಬೇರೆ: ಸಮ ಸಂಖ್ಯೆಯ ತಾರೀಖುಗಳಲ್ಲಿ ಮಾತ್ರ ಸೈಕಲ್. 2, 4, 6 ಅವರೂ ಬರಬಹುದು. 1, 3, 5 ಹಾದಿ ಕಾಲಿನವರಿಗೇ.

ಈ ನಿಯಮ ನೋಡಿದಾಗೆಲ್ಲ ನನಗೆ ಊರಿನ ನೀರಿನ ಸರದಿ ನೆನಪಾಗುತ್ತದೆ. ಒಂದೇ ಕಾಲುವೆ, ಇಂದು ನಿನ್ನ ತೋಟಕ್ಕೆ, ನಾಳೆ ನನ್ನ ತೋಟಕ್ಕೆ. ಜಗಳ ಇರುವುದಿಲ್ಲವೆಂದಲ್ಲ, ಆದರೆ ಜಗಳಕ್ಕೊಂದು ಕ್ಯಾಲೆಂಡರ್ ಇರುತ್ತದೆ. ಒಂದಿಷ್ಟೇ ಅಗಲದ ಹಾದಿಯನ್ನು ಸೀಳಿ ಎರಡು ಮಾಡಲಾಗದು. ದಿನಗಳನ್ನು ಮಾತ್ರ ಹಂಚಿಕೊಳ್ಳಬಹುದು.

ನ್ಯೂಜಿಲೆಂಡಿನ ಹೀಫಿ ಟ್ರ್ಯಾಕ್‌ನಲ್ಲೂ ಹಂಚಿಕೊಂಡದ್ದು ಕಾಲವನ್ನೇ. 78 ಕಿಲೋಮೀಟರ್‌ನ ಆ ಹಾದಿಯಲ್ಲಿ ಹಿಂದೆ ಸೈಕಲ್ ಓಡುತ್ತಿತ್ತು. 1996ರಲ್ಲಿ ಕಾಹುರಂಗಿ ರಾಷ್ಟ್ರೀಯ ಉದ್ಯಾನವಾದಾಗ ನಿಂತುಹೋಯಿತು. 2011ರಿಂದ ಪ್ರಯೋಗಕ್ಕೆಂದು ಚಳಿಗಾಲದಲ್ಲಿ ಬಿಟ್ಟು ನೋಡಿದರು, ಈಗ ಮೇ 1ರಿಂದ ನವೆಂಬರ್ 30ರವರೆಗೆ ಸೈಕಲ್‌ಗೆ ಅವಕಾಶ. ಜನ ಕಿಕ್ಕಿರಿಯುವ ಅಲ್ಲಿಯ ಬೇಸಿಗೆ ನಡೆಯುವವರಿಗೆ. ಅಲ್ಲೂ ಗೊಣಗುವವರು ಇದ್ದೇ ಇರುತ್ತಾರೆ. ಆದರೆ ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಿ ಪ್ರತಿ ತಿರುವಿನಲ್ಲೂ ಹಿಂದೆ ನೋಡಬೇಕಿಲ್ಲ.

ನಿಷೇಧ ಬೇಕೆನ್ನುವ ಗೆಳೆಯರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅಪ್ಪನ ಮಣಿಕಟ್ಟಿಗೆ ಮಂಜುಗಡ್ಡೆ ಇಡುತ್ತಾ ಕೂತ ರಾತ್ರಿ ನನಗೂ ಅದೇ ಸಿಟ್ಟಿತ್ತು. ಆದರೂ ಸಹಿ ಮಾಡಲಾರೆ. ನನ್ನ ಮಗಳು ಶಾಲೆಯ ಮೌಂಟನ್ ಬೈಕ್ ತಂಡದಲ್ಲಿದ್ದಾಳೆ ಎಂಬುದು ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಈ ಲೀಗ್ ಶುರುವಾದದ್ದೇ ನಮ್ಮ ಉತ್ತರ ಕ್ಯಾಲಿಫೋರ್ನಿಯಾದಲ್ಲಿ, 2001ರಲ್ಲಿ, ರಿಮ್ ಟ್ರೇಲ್ ಪೂರ್ಣವಾದ ವರ್ಷವೇ. ಫೋನ್ ಬಿಟ್ಟು ತಲೆ ಎತ್ತದ ಹುಡುಗಿ ಈಗ ಬೆಳಿಗ್ಗೆ ಐದಕ್ಕೆ ಎದ್ದು ಟೈರಿಗೆ ಗಾಳಿ ನೋಡುತ್ತಾಳೆ. ಕಾಡು ಅವಳಿಗೆ ಒಲಿದದ್ದು ಎರಡು ಚಕ್ರದ ಮೇಲೆ. ನನಗೆ ಒಲಿದದ್ದು ಕಾಲ ಮೇಲೆ. ಅವಳದು ಕಡಿಮೆ ಪ್ರೀತಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಇನ್ನೊಂದು ಕಾರಣ ಗುದ್ದಲಿಯದು. ಜೂನ್‌ನಲ್ಲಿ ಮಗಳ ಜತೆ ಹಾದಿ ರಿಪೇರಿಗೆ ಹೋಗಿದ್ದೆ. ಅಲ್ಲಿ ಕೈಗೆ ಕೊಡುವ ಹತಾರಕ್ಕೆ ಮೆಕ್ಲೌಡ್ ಎನ್ನುತ್ತಾರೆ, ಒಂದು ಕಡೆ ಅಗಲ ಗುದ್ದಲಿ, ಇನ್ನೊಂದು ಕಡೆ ದಪ್ಪ ಹಲ್ಲಿನ ಕುಂಟೆ. ಹಾದಿಗೆ ಓರೆಯಾಗಿ ತೋಡಿದ ಬಸಿಗಾಲುವೆ ಹೂಳು ತುಂಬಿ ಮುಚ್ಚಿತ್ತು. ಹಿಮ ಕರಗಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಹಾದಿಯ ನಡುವೆಯೇ ಇಳಿದು ಮೊಳದುದ್ದ ಕೊರಕಲು ಮಾಡಿತ್ತು. ಅಡಿಕೆ ತೋಟದಲ್ಲಿ ಹುಟ್ಟಿದವನಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕೆನ್ನುತ್ತದೆ ಎಂದು ನೋಡಿ, ಹೂಳೆತ್ತಿ, ಕೆಳಬದಿಯ ದಂಡೆ ಕಡಿದು, ಹಾದಿಗೆ ಒಂದಿಷ್ಟು ವಾಟ ಕೊಟ್ಟರಾಯಿತು. ಸಂಜೆ ಲೆಕ್ಕ ಹಾಕಿದೆ. ಅಲ್ಲಿ ಬೆವರು ಸುರಿಸುತ್ತಿದ್ದ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಸೈಕಲಿನವರು. ಕನ್ನಡದವರು ನಾವಿಬ್ಬರೇ, ಅಪ್ಪ ಮಗಳು. ವರ್ಷಕ್ಕೆ ನಾಲ್ಕು ಸಲ ಟಾಹೊಗೆ ಹೋಗಿ ಫೋಟೊ ಹಾಕುವ ನಮ್ಮಲ್ಲಿ ಎಷ್ಟು ಜನ ಒಂದು ಬುಟ್ಟಿ ಮಣ್ಣು ಎತ್ತಿದ್ದೇವೆ? ಎತ್ತದವರು ಎತ್ತಿದವರನ್ನು ಹೊರಗೆ ಹಾಕಿ ಎಂದು ಕೇಳುವುದು ನನಗೆ ನ್ಯಾಯವೆನಿಸುವುದಿಲ್ಲ.

ಸೈಕಲ್ ಹಾದಿಯನ್ನು ಕೊರೆದುಹಾಕುತ್ತದೆ ಎಂಬ ದೂರೂ ಮನವಿಯಲ್ಲಿದೆ. ಚಕ್ರ ತಿರುಗುತ್ತಿರುವಷ್ಟು ಹೊತ್ತು ಮಣ್ಣಿಗೆ ಅಂಥ ಕೇಡಿಲ್ಲ. 1994ರಲ್ಲಿ ಪ್ರಕಟವಾದ ಮೊಂಟಾನಾದ ಒಂದು ಅಧ್ಯಯನದಲ್ಲಿ ಹಾದಿಯ ಮಣ್ಣನ್ನು ಹೆಚ್ಚು ಸಡಿಲಿಸಿದ್ದು ಕುದುರೆಯ ಗೊರಸು. ಬ್ರೇಕ್ ಹಿಡಿದು ಹಿಂದಿನ ಚಕ್ರ ಜಾರಿಸಿಕೊಂಡು ಇಳಿಯುವುದು, ಒದ್ದೆ ಹಾದಿಯಲ್ಲಿ ತುಳಿಯುವುದು, ತಿರುವನ್ನು ಕತ್ತರಿಸಿ ಅಡ್ಡದಾರಿ ಮಾಡುವುದು, ಇವು ಕೇಡು. ಕೊನೆಯದನ್ನು ನಡೆಯುವವರೂ ಧಾರಾಳವಾಗಿ ಮಾಡುತ್ತೇವೆ.

ಈಗ ಸೈಕಲ್ ಗೆಳೆಯರಿಗೆ. ನಿಮಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ.

ಪೆಸಿಫಿಕ್ ಕ್ರೆಸ್ಟ್ ಟ್ರೇಲನ್ನು ಕೇಳಬೇಡಿ. ಮೆಕ್ಸಿಕೊ ಗಡಿಯಿಂದ ಕೆನಡಾದವರೆಗೆ 2,650 ಮೈಲಿ. 1968ರಲ್ಲಿ ಅಪಲಾಚಿಯನ್ ಟ್ರೇಲ್ ಜತೆ ಈ ದೇಶದ ಮೊದಲ ಎರಡು ರಾಷ್ಟ್ರೀಯ ಹಾದಿಗಳಲ್ಲಿ ಒಂದೆಂದು ಕಾಯ್ದೆಯಲ್ಲೇ ಹೆಸರಿಸಿದ್ದು. 1988ರಿಂದ ಅರಣ್ಯ ಸೇವೆಯ ಆದೇಶದಂತೆ ಅಲ್ಲಿ ಸೈಕಲ್ ಇಲ್ಲ. ಸುಮಾರು ಅರ್ಧ ಹಾದಿ ಸಂರಕ್ಷಿತ ಕಾಡಿನೊಳಗಿದ್ದು, ಅಲ್ಲಿ 1964ರ ಕಾಯ್ದೆಯೇ ಯಾಂತ್ರಿಕ ಸಾಗಣೆಯನ್ನು ತಡೆಯುತ್ತದೆ. ಆ ಕಾಯ್ದೆ ಬರೆದವರ ಮನಸ್ಸಿನಲ್ಲಿ ಮೌಂಟನ್ ಬೈಕ್ ಇರಲಿಲ್ಲ ಎಂದು ನೀವು ಹೇಳುತ್ತೀರಿ. ಇರಲು ಸಾಧ್ಯವೂ ಇರಲಿಲ್ಲ, ಒಪ್ಪುತ್ತೇನೆ. ಅದು ಹುಟ್ಟಿದ್ದು ಎಪ್ಪತ್ತರ ದಶಕದಲ್ಲಿ, ನಮ್ಮ ಪಕ್ಕದ ಮರಿನ್ ಕೌಂಟಿಯಲ್ಲಿ. 1976ರಿಂದ ಹಳೇ ಸೈಕಲ್‌ಗಳನ್ನು ಮಣ್ಣಿನ ರಸ್ತೆಯಲ್ಲಿ ಇಳಿಸಿ ಪಂದ್ಯ ಕಟ್ಟುತ್ತಿದ್ದರು. ಹಿಂದಿನ ಚಕ್ರದ ಬ್ರೇಕ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲವೂ ಹೊಸದಾಗಿ ತುಂಬಬೇಕಿತ್ತು. ಅದಕ್ಕೇ ಆ ಇಳಿಜಾರಿಗೆ ರೀಪ್ಯಾಕ್ ಎಂದು ಹೆಸರು. ನಮ್ಮ ಬೇ ಏರಿಯಾಕ್ಕೆ ಹೆಮ್ಮೆಯ ಕಥೆಯೇ. ಆದರೆ ಅದೇ ಮರಿನ್‌ನ ಮೌಂಟ್ ಟ್ಯಾಮ್ ಜಲಾನಯನದಲ್ಲಿ ಇವತ್ತು ಸೈಕಲ್‌ಗೆ ಗಂಟೆಗೆ 15 ಮೈಲಿ ಮಿತಿಯಿದೆ, ಇನ್ನೊಬ್ಬರನ್ನು ದಾಟುವಾಗ 5. ಆ ಮಿತಿ ಸುಮ್ಮನೆ ಬಂದದ್ದಲ್ಲ.

"ಕುದುರೆಗೆ ಬಿಡ್ತೀರಿ, ನಮಗೆ ಯಾಕಿಲ್ಲ?" ಇದು ನಿಮ್ಮ ಗಟ್ಟಿ ಪ್ರಶ್ನೆ. ಕುದುರೆ ಬರುವುದು ದೂರದಿಂದಲೇ ತಿಳಿಯುತ್ತದೆ, ನಡಿಗೆಯ ವೇಗದಲ್ಲೇ ಬರುತ್ತದೆ. ಸದ್ದಿಲ್ಲದೆ ಬಂದ ಸೈಕಲ್‌ಗೆ ಬೆದರಿದ ಕುದುರೆ ಒಂದು ಬದಿ ಪ್ರಪಾತವಿರುವ ಹಾದಿಯಲ್ಲಿ ಏನು ಮಾಡುತ್ತದೆ ಎಂದು ಯೋಚಿಸಿ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಐದು ತಿಂಗಳು ನಡೆಯುವವರು ಅಲ್ಲಿಗೆ ಹೋಗುವುದೇ ಇಡೀ ಲೋಕ ಹೆಜ್ಜೆಯ ವೇಗಕ್ಕೆ ಇಳಿಯಲಿ ಎಂದು. ಬೆನ್ನ ಹಿಂದೆ ಕಿವಿ ಇಟ್ಟುಕೊಳ್ಳದೆ ನಡೆಯಬಹುದಾದ ಜಾಗಗಳು ಎಷ್ಟು ಉಳಿದಿವೆ? ಒಂದನ್ನಾದರೂ ಹಾಗೇ ಬಿಡೋಣ. 2017ರಲ್ಲಿ, ಅಮೆರಿಕದ ಸಂಸತ್ತಿನಲ್ಲಿ ಈ ಟಾಹೊ ಸೀಮೆಯನ್ನೇ ಪ್ರತಿನಿಧಿಸುತ್ತಿದ್ದ ಟಾಮ್ ಮೆಕ್ಲಿಂಟಕ್ ಸಂರಕ್ಷಿತ ಕಾಡುಗಳಿಗೆ ಸೈಕಲ್ ಬಿಡುವ ಮಸೂದೆ ತಂದಾಗ ಮೌಂಟನ್ ಬೈಕ್ ಸವಾರರ ಅತಿ ದೊಡ್ಡ ಸಂಘವೇ ಅದನ್ನು ಬೆಂಬಲಿಸಲಿಲ್ಲ. ಮಸೂದೆ ಕಾಯ್ದೆಯಾಗಲಿಲ್ಲ. ನಿಮ್ಮವರೇ ಹಿಡಿದ ಆ ಸಂಯಮವನ್ನು ನೀವೂ ಹಿಡಿಯಿರಿ.

ಮೋಟಾರು ಇರುವ ಸೈಕಲ್ ಬಗ್ಗೆ ಒಂದೇ ಮಾತು. ಅರಣ್ಯ ಸೇವೆಯ ಲೆಕ್ಕದಲ್ಲಿ ಇ-ಬೈಕ್ ಮೋಟಾರು ವಾಹನ. ಮೋಟಾರಿಗೆ ತೆರೆದಿಲ್ಲದ ಹಾದಿಗೆ ಅದನ್ನು ತರಬೇಡಿ. ನಮ್ಮ ಗುಂಪುಗಳಲ್ಲಿ ಇದನ್ನು ಗೊತ್ತಿದ್ದೂ ಮಾಡುವವರಿದ್ದಾರೆ, ನನಗೆ ಗೊತ್ತು.

ಇನ್ನು ಬೆಲ್ಲಿನ ವಿಷಯ. ಹಾದಿಯ ಬಾಯಲ್ಲಿ ಮೂರು ಮೂಲೆಯ ಬೋರ್ಡ್ ನೋಡಿರುತ್ತೀರಿ: ಸೈಕಲ್ ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ದಾರಿ ಬಿಡುವುದೆಂದರೆ ನಿಧಾನ ಮಾಡಿ, ಬೇಕಾದರೆ ನಿಂತು, ಎದುರಿನವರಿಗೆ ನಾನು ಬಂದಿದ್ದೇನೆಂದು ತಿಳಿದಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ದಾಟುವುದು. ಬೆಲ್ ಅದರ ಶುರು ಮಾತ್ರ. ನಮ್ಮವರು ಬೆಲ್ಲನ್ನು ಬೆಂಗಳೂರಿನ ಹಾರ್ನ್ ಥರ ಬಳಸುತ್ತಾರೆ. ಹೊಡೆದಾಯಿತು, ಇನ್ನು ಸರಿಯುವ ಜವಾಬ್ದಾರಿ ಮುಂದಿರುವವನದು ಎಂಬಂತೆ. ಮುಂದಿರುವವರಿಗೆ ಕಿವಿ ಕೇಳದಿರಬಹುದು. ನಮ್ಮ ಮನೆಗಳಿಗೆ ಪ್ರತಿ ಬೇಸಿಗೆಯಲ್ಲಿ ಊರಿಂದ ಬರುವ ಅಪ್ಪ ಅಮ್ಮಂದಿರನ್ನು ನೆನೆಸಿಕೊಳ್ಳಿ: ಸೀರೆಗೆ ಸ್ನೀಕರ್ಸ್ ಹಾಕಿಕೊಂಡ ಅಮ್ಮ, ಮಂಡಿ ನೋವಿನ ಮಾವ. ಹಿಂದಿನಿಂದ ಬೆಲ್ ಕೇಳಿಸಿದರೂ ಎಡಕ್ಕೋ ಬಲಕ್ಕೋ ಎಂದು ಗಲಿಬಿಲಿಯಾಗಿ ನಡುಹಾದಿಯಲ್ಲೇ ನಿಲ್ಲುತ್ತಾರೆ.

ಬ್ಯಾಂಡೇಜ್ ಕಟ್ಟಿಸಿಕೊಳ್ಳುತ್ತಾ ಅಪ್ಪ ಆ ಹುಡುಗನಿಗೆ ಊರಿನ ಕಥೆ ಹೇಳಿದರು. ನಮ್ಮ ಮನೆಗೆ ಹೋಗುವ ಕಾಲುದಾರಿ ತೋಟದ ಅಂಚಿನಲ್ಲಿ ಹೋಗಿ ಹಳ್ಳ ದಾಟುತ್ತದೆ. ಹಳ್ಳಕ್ಕೊಂದು ಸಂಕ. ಹಾಲು ಹಾಕುವವನ ಸೈಕಲ್ಲೂ ಅದರಲ್ಲೇ, ಶಾಲೆಗೆ ಹೋಗುವ ಮಕ್ಕಳೂ ಅದರಲ್ಲೇ, ಸೊಪ್ಪಿನ ಹೊರೆ ಹೊತ್ತ ಹೆಂಗಸರೂ ಅದರಲ್ಲೇ. ಹೊರೆ ಹೊತ್ತವರು ಬಂದರೆಂದರೆ ಸೈಕಲಿನವನು ಇಳಿದು, ಸೈಕಲನ್ನು ಧರೆಗೆ ಒರಗಿಸಿ ನಿಲ್ಲಬೇಕು. ಹೊರೆ ಹೊತ್ತವರಿಗೆ ಕತ್ತು ತಿರುಗಿಸಲಾಗದು, ಆದ್ದರಿಂದ ನೋಡುವ ಕೆಲಸ ನೋಡಬಲ್ಲವನದು. ಯಾರೂ ಬೋರ್ಡ್ ಹಾಕಿರಲಿಲ್ಲ. ಆ ಹುಡುಗ ತಲೆ ತಗ್ಗಿಸಿ ಪೂರ್ತಿ ಕೇಳಿದ. ಆಮೇಲೆ ಪಾರ್ಕಿಂಗ್‌ವರೆಗೆ ಸೈಕಲ್ ತಳ್ಳಿಕೊಂಡು ನಮ್ಮ ಜತೆಗೇ ನಡೆದು ಬಂದ.

ನಡೆಯುವವರಾದ ನಾವು ಮಾಡಬೇಕಾದದ್ದೂ ಇದೆ. ನಾಲ್ಕು ಜನ ಸಾಲಾಗಿ ಕೈ ಹಿಡಿದು ಹಾದಿ ತುಂಬ ನಡೆಯುವುದು, ಬೆನ್ನಿಗೆ ಸ್ಪೀಕರ್ ಕಟ್ಟಿಕೊಂಡು ಹಾಡು ಹಾಕುವುದು, ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸುವುದು ಬಿಡಬೇಕು. ಹಿಂದಿರುವ ಸೈಕಲ್ ಆಗ ಯಾರಿಗೂ ಕೇಳಿಸುವುದಿಲ್ಲ. ಮತ್ತೆ, ಸಮ ತಾರೀಖಿನಂದು ಆ ಒಂಬತ್ತು ಮೈಲಿಗೆ ವಯಸ್ಸಾದವರನ್ನು ಕರೆದೊಯ್ಯಬೇಡಿ. ನಿಯಮ ಗೊತ್ತಿದ್ದೂ ನಾನು ಅಪ್ಪನನ್ನು 4ನೇ ತಾರೀಖು ಕರೆದೊಯ್ದೆ, ರಜೆ ಇದ್ದದ್ದು ಅವತ್ತು ಎಂದು. ಆ ತಪ್ಪು ನನ್ನದು, ಹುಡುಗನದಲ್ಲ.

ನಾನು ಕೇಳಬೇಕೆಂದಿರುವ ಕೆಲಸ ಈ ತಾರೀಖಿನದೇ. ಜುಲೈ 4 ಯಾವ ವರ್ಷವೂ ಸಮ ಸಂಖ್ಯೆಯೇ. ಇಡೀ ಬೇಸಿಗೆಯಲ್ಲಿ ಕುಟುಂಬಗಳು ಮಕ್ಕಳು ಮರಿ ಕಟ್ಟಿಕೊಂಡು ಗುಡ್ಡಕ್ಕೆ ಬರುವ ದಿನ ಯಾವಾಗಲೂ ಸೈಕಲ್ ದಿನವೇ ಆಗಿರುತ್ತದೆ. ಇನ್ನೊಂದು ಕಡೆ ಜುಲೈ 31, ಆಗಸ್ಟ್ 1 ಎರಡೂ ಬೆಸ. ಆಗಸ್ಟ್ 31, ಸೆಪ್ಟೆಂಬರ್ 1 ಎರಡೂ ಬೆಸ. ಹಿಮ ಕರಗಿ ಮತ್ತೆ ಬೀಳುವ ನಡುವಿನ ಚಿಕ್ಕ ಋತುವಿನಲ್ಲಿ ಸೈಕಲಿನವರು ಎರಡು ಸಲ ತಮ್ಮ ಸರದಿ ಕಳೆದುಕೊಳ್ಳುತ್ತಾರೆ. ಮಗಳು ಇದನ್ನು ಕ್ಯಾಲೆಂಡರ್ ಮುಂದಿಟ್ಟು ತೋರಿಸುವವರೆಗೂ ನನಗೆ ಹೊಳೆದಿರಲಿಲ್ಲ. ಅದಕ್ಕೆ ನಾವಿಬ್ಬರೂ ಸೇರಿ ಒಂದು ಅದಲುಬದಲು ಬರೆದೆವು: ಜುಲೈ 4 ನಡೆಯುವವರಿಗೆ ಬರಲಿ, ಬದಲಿಗೆ ಆಗಸ್ಟ್ 1 ಮತ್ತು ಆಗಸ್ಟ್ 31 ಸೈಕಲಿನವರಿಗೆ ಹೋಗಲಿ. ಒಂದಕ್ಕೆ ಎರಡು. ಕೇಳುವುದು ಹಬ್ಬದ ದಿನವಾದ್ದರಿಂದ ಅಷ್ಟು ಕೊಡುವುದು ಸರಿ ಎಂದು ನನ್ನ ಲೆಕ್ಕ.

ಈ ಅದಲುಬದಲಿನ ಮನವಿಯನ್ನು ಇಂಗ್ಲಿಷಿನಲ್ಲಿ ಬರೆದು ಅರಣ್ಯ ಸೇವೆಗೂ ಹಾದಿ ನೋಡಿಕೊಳ್ಳುವ ಸಂಘಕ್ಕೂ ಕಳಿಸಿದ್ದೇವೆ. ಅದರ ಕೆಳಗೆ ನಡೆಯುವವನೆಂದು ನಾನು, ತುಳಿಯುವವಳೆಂದು ಅವಳು ಸಹಿ ಮಾಡಿದ್ದೇವೆ. ಎರಡು ಕಡೆಯ ಮನವಿಗಳನ್ನೂ ನೀವು ಬದಿಗಿಟ್ಟು ಇದಕ್ಕೆ ಹೆಸರು ಸೇರಿಸಬೇಕು, ಜೋಡಿಜೋಡಿಯಾಗಿ: ಒಬ್ಬ ನಡೆಯುವವರು, ಒಬ್ಬ ಸವಾರರು. ಒಂಟಿ ಸಹಿ ನನಗೆ ಬೇಡ. ಜೋಡಿ ಸಿಗದಿದ್ದರೆ ಹುಡುಕಿಕೊಡುತ್ತೇನೆ.

ಅಪ್ಪನಿಗೆ ಸಹಿ ಹಾಕಲಾಗದು, ಊರಿಗೆ ಹೋಗಿದ್ದಾರೆ. ಮಣಿಕಟ್ಟು ವಾಸಿಯಾಗಿದೆ, ಮತ್ತೆ ಬರುತ್ತಾರೆ. ಮೊನ್ನೆ ಫೋನಿನಲ್ಲಿ ಯಾವ ತಾರೀಖೆಂದು ಕೇಳಿದರು. ಜುಲೈ 19 ಅಂದೆ, ಭಾನುವಾರ, ಬೆಸ. ಬೆಳಿಗ್ಗೆ ಎಂಟಕ್ಕೆ ಟಾಹೊ ಮೆಡೋಸ್ ಪಾರ್ಕಿಂಗ್‌ನಲ್ಲಿ ಸೇರುತ್ತೇವೆ, ಬರುವವರು ಬನ್ನಿ. ಬ್ಯಾಂಡೇಜ್ ಕಟ್ಟಿದ ಹುಡುಗನೂ ಸೈಕಲ್ ಮನೆಯಲ್ಲಿ ಬಿಟ್ಟು ನಡೆಯಲು ಬರುತ್ತೇನೆಂದಿದ್ದಾನೆ. ಅವನಿಗೆ ಆ ಮರದ ತೊಗಟೆ ಮೂಸಿಸಬೇಕಂತೆ, ಅಪ್ಪನ ಅಪ್ಪಣೆ.

ನಿಮ್ಮವನು,
ಮಲೆನಾಡಿನಿಂದ ಬಂದು ಸ್ಯಾನ್ ಹೋಸೆಯಲ್ಲಿ ನೆಲೆಸಿದ ಒಬ್ಬ ಚಾರಣಿಗ